ಉರಿಯುತ್ತಲೇ ಇದ್ದ ದೀಪ

ಬಾಗಿಲು ಬಡಿದ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ನಾದಿನಿಗೆ ಗೊತ್ತಾಗಿಹೋಯಿತು. ತೆರೆದರೆ ಕೆಳಮನೆಯ ಎಲೆಕ್ಟ್ರಿಷಿಯನ್. ಪರವೂರಿನ ಕೆಲಸದಿಂದ ಆಗಷ್ಟೇ ಬಂದವನು, ಹೆಗಲ ಚೀಲವನ್ನು ಇಳಿಸುವ ವ್ಯವಧಾನವೂ ಇಲ್ಲದೆ ನಿಂತಿದ್ದ.

"ಅಮ್ಮ ಇದ್ದಾರಾ? ನನ್ನ ಹೆಂಡತಿಗೆ ಕಣ್ಣು ಬಿಡೋಕೇ ಆಗ್ತಿಲ್ಲ. ಮಾವ ನನ್ನ ತಮ್ಮನ ಮೇಲೆ ಹೇಳ್ತಿದ್ದಾರೆ, ವಿಷ ಹೊಡೆದಿದ್ದಾನೆ ಅಂತ."

ನಾದಿನಿ "ಅತ್ತಿಗೇ!" ಎಂದು ಕೂಗುತ್ತಲೇ ಒಳಗೋಡಿದಳು. ಅವಳ ಸ್ವಭಾವವೇ ಅಂಥದು. ಆ ಕಟ್ಟಡದಲ್ಲಿ ಅವಳಿಗಿದ್ದ ಅಡ್ಡಹೆಸರೇ ಗಾಬರಿ. ಅವಳ ಅತ್ತಿಗೆಯದು ಬೇರೆಯೇ ಜಾತಕ. ವಿಮೆ ಕಂಪನಿಯಲ್ಲಿ ಇದ್ದಷ್ಟು ಕಾಲವೂ ಬೆಂಕಿ, ಅಪಘಾತಗಳ ನಿಜ ಸುಳ್ಳು ಕೆದಕುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಕಟ್ಟಡದವರು ಬಿಡಲಿಲ್ಲ. ಏನು ಕಳೆದರೂ, ಯಾರು ಜಗಳವಾಡಿದರೂ ಭೂತಗನ್ನಡಿ ಅಮ್ಮನ ಬಾಗಿಲಿಗೇ ಬರುತ್ತಿದ್ದರು. ಆ ಭೂತಗನ್ನಡಿಯನ್ನು ಹುಡುಕಿಕೊಡುವುದು ಮಾತ್ರ ಯಾವಾಗಲೂ ನಾದಿನಿಯ ಪಾಲಿನ ಕೆಲಸ.

"ಕೂತ್ಕೊಂಡು ಹೇಳಪ್ಪ," ಎಂದರು ಅತ್ತಿಗೆ.

ಅವನು ನಿಂತೇ ಹೇಳಿದ. ಮುಚ್ಚಿಹೋದ ಗಿರಣಿಯೊಂದರಿಂದ ಅವನು ದೊಡ್ಡ ಗಂಟೆಯಾಕಾರದ ದೀಪವೊಂದನ್ನು ತಂದು, ರಿಪೇರಿ ಮಾಡಿ, ಕೆಳಗಿನ ಖಾಲಿ ಉಗ್ರಾಣದಲ್ಲಿ ತೂಗುಹಾಕಿದ್ದ. ಬಿಸಿಲೇ ಬೀಳದ ಆ ಕೋಣೆಯಲ್ಲಿ ಅದರ ಬೆಳಕಿಗೇ ಅವನ ಹೆಂಡತಿ ಸಸಿ ಬೆಳೆಸಿ ಮಾರುತ್ತಿದ್ದಳು. ಎಲ್ಲರಿಗೂ ಅವಳು ಸಸಿಯಕ್ಕ. ನಿನ್ನೆ ಸಂಜೆ ಅವಳೂ ಅವಳ ಅಪ್ಪನೂ ಅಲ್ಲಿ ಕೂತು ಸಸಿಗಳನ್ನು ಕುಂಡಕ್ಕೆ ನೆಟ್ಟಿದ್ದಾರೆ. ಮಲಗುವ ಹೊತ್ತಿಗೆ ಅವಳ ಕಣ್ಣಿಗೆ ಮರಳು ಎರಚಿದ ಹಾಗೆ ಉರಿ ಶುರುವಾಗಿದೆ. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ.

"ಡಾಕ್ಟ್ರು ಏನಂದ್ರು?"

"ಕಣ್ಣಿನ ಮೇಲ್ಪದರ ಸುಟ್ಟ ಹಾಗಿದೆ, ಏನು ಬಿತ್ತು ಅಂತ ಗೊತ್ತಾಗದೆ ಮುಂದಿನದು ಹೇಳಕ್ಕಾಗಲ್ಲ ಅಂದ್ರು. ವೆಲ್ಡಿಂಗ್ ಮಾಡ್ತೀಯಾ ಅಂತ ಬೇರೆ ಕೇಳಿದ್ರಂತೆ! ಸಸಿ ನೆಡೋಳು ಎಲ್ಲಿಯ ವೆಲ್ಡಿಂಗು?" ಅವನು ಕೊನೆಗೂ ಚೀಲವನ್ನು ನೆಲಕ್ಕಿಳಿಸಿದ. "ತಮ್ಮ ತೋಟಗಳಿಗೆ ಹುಳದ ಔಷಧಿ ಹೊಡೆಯೋ ಕೆಲಸ ಮಾಡ್ತಾನಲ್ಲ. ಅವನ ಡಬ್ಬಗಳನ್ನ ಇವಳು ಮೊನ್ನೆ ಆ ಕೋಣೆಯಿಂದ ಹೊರಗೆ ಹಾಕಿಸಿದ್ಲು. ಮಾತಿಗೆ ಮಾತು ಬೆಳೀತು. ಸಂಜೆಯೊಳಗೆ ಅವನನ್ನ ಪೊಲೀಸರಿಗೆ ಒಪ್ಪಿಸ್ತೀನಿ ಅಂತ ಮಾವ ಕೂತಿದ್ದಾರೆ. ತಮ್ಮನನ್ನ ನಂಬಲೋ, ಮಾವನನ್ನ ನಂಬಲೋ, ನೀವೇ ಹೇಳಿ."

ಕೆಳಮನೆಯಲ್ಲಿ ಸಸಿಯಕ್ಕ ಕಿಟಕಿಗೆ ದಪ್ಪ ಚಾದರ ಕಟ್ಟಿಸಿಕೊಂಡು ಕತ್ತಲಲ್ಲಿ ಮಲಗಿದ್ದಳು. ಮುಚ್ಚಿದ ರೆಪ್ಪೆಗಳ ಅಂಚಿನಿಂದ ನೀರು ಸುರಿಯುತ್ತಿತ್ತು. ಅತ್ತಿಗೆ ಅವಳ ಕೈಗಳನ್ನು ಬಾಗಿಲ ಸಂದಿನ ಬೆಳಕಿಗೆ ಹಿಡಿದು ನೋಡಿದರು. ಹಿಂಗೈ ಕೆಂಪಗೆ ಊದಿತ್ತು, ಅಂಗೈ ಮಾಮೂಲಾಗಿತ್ತು. ಹಣೆ, ಕೆನ್ನೆ ಕೆಂಪು. ಗಲ್ಲದ ಅಡಿ ಬೆಳ್ಳಗೆ.

"ನಂಗೆ ಮತ್ತೆ ಕಾಣುತ್ತಾ ಅಮ್ಮಾ?" ಎಂದಳು ಸಸಿಯಕ್ಕ. "ಎಲ್ಲರೂ ಸಮಾಧಾನ ಹೇಳ್ತಾರೆ, ಹೌದು ಅಂತ ಯಾರೂ ಹೇಳ್ತಿಲ್ಲ."

ಅತ್ತಿಗೆಯೂ ಹೌದು ಎನ್ನಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಅವಳ ಅಪ್ಪ ಶತಪಥ ಹಾಕುತ್ತಿದ್ದರು. ಬಸ್ ಕಂಡಕ್ಟರ್ ಆಗಿದ್ದವರು; ಈಗಲೂ ಮಾತಾಡಿದರೆ ಹಿಂದಿನ ಸೀಟಿಗೂ ಕೇಳಬೇಕು. ದಪ್ಪ ಗಾಜಿನ ಕನ್ನಡಕ, ಆ ಸೆಕೆಯಲ್ಲೂ ಕಿವಿ ಮುಚ್ಚುವ ಉಲ್ಲನ್ ಟೋಪಿ, ತುಂಬುತೋಳಿನ ಸ್ವೆಟರ್.

"ಮೈ ಹುಷಾರಿಲ್ವಾ?" ಎಂದು ಕೇಳಿದಳು ನಾದಿನಿ.

"ನೆಗಡಿ," ಎಂದು ಗುಡುಗಿದರು ಕಂಡಕ್ಟರ್. "ನನ್ನ ನೆಗಡಿ ಇರ್ಲಿ, ಅವನನ್ನ ನೋಡಿ! ಬಾಯಿ ಬಿಡ್ತಾನಾ? ತಪ್ಪು ಮಾಡದೋನು ಹೀಗೆ ಕೂರ್ತಾನಾ?"

ಎಲೆಕ್ಟ್ರಿಷಿಯನ್ನನ ತಮ್ಮ ಬಾಗಿಲ ಬಳಿ ಬಟ್ಟೆಯ ಚೀಲ ಕಟ್ಟಿಟ್ಟುಕೊಂಡು ಕೂತಿದ್ದ. ಹುಟ್ಟಿನಿಂದಲೇ ಮಾತು ಕಮ್ಮಿಯಾದ್ದರಿಂದ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಅತ್ತಿಗೆ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ: "ಡಬ್ಬ ತೆಗೆದ ಮೇಲೆ ನಾನು ಆ ಕೋಣೆಗೇ ಹೋಗಿಲ್ಲ. ನಮ್ಮ ಅತ್ತಿಗೆಯ ಕಣ್ಣಿಗೆ ಔಷಧಿ ಹಾಕ್ತೀನಿ ಅಂದ್ರೆ ಹತ್ರಕ್ಕೂ ಬಿಡ್ತಿಲ್ಲ ಇವರು." ಕನ್ನಡಕವಿಲ್ಲದ ಅವನ ಕಣ್ಣು ತಿಳಿಯಾಗಿತ್ತು, ತುಂಬಿ ಬಂದಿತ್ತು, ಅಷ್ಟೇ.

ಸಸಿಕೋಣೆಯಲ್ಲಿ ದೀಪ ಉರಿಯುತ್ತಿತ್ತು; ಅದಕ್ಕೆ ಎಲೆಕ್ಟ್ರಿಷಿಯನ್ ಟೈಮರ್ ಇಟ್ಟಿದ್ದ. ಕಂಡಕ್ಟರ್ ಹೊಸಿಲ ಹೊರಗೇ ನಿಂತು, "ಒಳಗೆ ಜಾಸ್ತಿ ಹೊತ್ತು ಇರ್ಬೇಡಿ, ವಿಷದ ಗಾಳಿ!" ಎಂದು ಕೂಗಿ ಹೊರಟುಹೋದರು.

ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಮೊದಲು ಗೋಡೆಯತ್ತ ನಡೆದರು. ದೀಪದ ಚೋಕ್, ಕೆಪಾಸಿಟರ್ ಎಲ್ಲ ಕಬ್ಬಿಣದ ಪೆಟ್ಟಿಗೆಯೊಳಗೆ, ಮರದ ಅಟ್ಟಣೆಯಿಂದ ದೂರದಲ್ಲಿ ಭದ್ರವಾಗಿದ್ದವು. ಹಸಿರು ಅರ್ಥಿಂಗ್ ತಂತಿ ಪೆಟ್ಟಿಗೆಗೂ ದೀಪದ ಲೋಹದ ಮೈಗೂ ಬಿಗಿಯಾಗಿ ಕೂತಿತ್ತು. "ಕೆಲಸ ಅಚ್ಚುಕಟ್ಟು," ಎಂದು ಗೊಣಗಿದರು. ಸಸಿಗೆ ಸಿಂಪಡಿಸುವ ಕೈಪಂಪನ್ನು ಮೂಸಿ, ಬೆರಳಿಗೆ ಹಚ್ಚಿಕೊಂಡು, "ಬರೀ ನೀರು ಕಣೇ," ಎಂದರು. ಪಕ್ಕದ ನೀರಿನ ಡ್ರಮ್ಮಿಗೆ ದುಂಡನೆಯ ದಪ್ಪ ಗಾಜೊಂದನ್ನು ಮುಚ್ಚಳವಾಗಿ ಇಟ್ಟಿದ್ದರು. ಚೆನ್ನಾಗಿದೆ ಮುಚ್ಚಳ ಎಂದುಕೊಂಡಳು ನಾದಿನಿ.

ಅತ್ತಿಗೆ ಮೌನಿಯ ಡಬ್ಬಗಳನ್ನು ನೋಡಲು ಹಿತ್ತಲಿಗೆ ಹೋದರು. ತನ್ನ ಕನ್ನಡಕದ ತುಂಬ ಬೆವರಾಗಿ ಏನೂ ಕಾಣದಿದ್ದಾಗ ನಾದಿನಿ ಅದನ್ನು ತಲೆಯ ಮೇಲಕ್ಕೆ ಏರಿಸಿ, ದೀಪದ ಕೆಳಗೇ ಕುಕ್ಕರಗಾಲಲ್ಲಿ ಕೂತು, ಒರಗಿದ ಸಸಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡತೊಡಗಿದಳು. ತುದಿಯೆಲೆಗಳು ಸುಕ್ಕಾಗಿ ಕಂದಿದ್ದವು. ಸುಮ್ಮನೆ ಕೂತರೆ ಸಸಿಯಕ್ಕನ ಪ್ರಶ್ನೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಅದಕ್ಕೇ ಆ ಕೆಲಸ.

ಅತ್ತಿಗೆ ಹಿತ್ತಲಿನಲ್ಲಿ ಬಹಳ ಹೊತ್ತು ಮಾಡಿದರು. ಬಂದವರು ನೆಲದಲ್ಲಿ ಏನನ್ನೋ ಕಂಡು ಬಗ್ಗಿ ಎತ್ತಿಕೊಂಡರು. ಉಗುರಿನಷ್ಟು ಗಾಜಿನ ಚೂರು. ತೆಳುವಾಗಿ, ಮೊಟ್ಟೆಯ ಚಿಪ್ಪಿನ ಹಾಗೆ ಬಾಗಿತ್ತು. ಮರುಕ್ಷಣವೇ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು. ಅವರು ಓಡಿದ್ದನ್ನು ನಾದಿನಿ ಅದುವರೆಗೆ ನೋಡಿರಲಿಲ್ಲ.

"ಎಷ್ಟೊತ್ತಿನಿಂದ ಇಲ್ಲಿ ಕೂತಿದ್ದೀಯೇ? ಕನ್ನಡಕ ಎಲ್ಲಿ?"

"ತಲೆ ಮೇಲಿದೆ. ಯಾಕೆ ಅತ್ತಿಗೆ?"

ಅತ್ತಿಗೆ ಅವಳನ್ನು ಕೈಹಿಡಿದು ಎಬ್ಬಿಸಿದರು. ದೀಪ ತಣ್ಣಗಾದ ಮೇಲೆ ಸ್ಟೂಲ್ ಹತ್ತಿ, ಗಂಟೆಯೊಳಗೆ ಇಣುಕಿ, ಪ್ರತಿಫಲಿಸುವ ತಗಡಿನ ಮೇಲೆ ನೀರು ಸಿಡಿದು ಒಣಗಿದ ಬಿಳಿ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಅಂಚಿನ ಕ್ಲಿಪ್ಪುಗಳೆಲ್ಲ ಬಾಯಿಬಿಟ್ಟಿದ್ದವು. ಇಳಿದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿದರು. ಆಮೇಲೆ ಮಧ್ಯಾಹ್ನವೆಲ್ಲ ಗಳಿಗೆಗೊಮ್ಮೆ, "ಕಣ್ಣು ಹೇಗಿದೆಯೇ?" ಎಂದು ಕೇಳುತ್ತಲೇ ಇದ್ದರು. ಚೆನ್ನಾಗೇ ಇದೆ ಎಂದು ಹೇಳಿ ಹೇಳಿ ನಾದಿನಿಗೆ ರೇಗಿಹೋಯಿತು.

ಸಂಜೆ ಅತ್ತಿಗೆ ಎಲ್ಲರನ್ನೂ ಸಸಿಯಕ್ಕನ ಕತ್ತಲ ಕೋಣೆಗೆ ಸೇರಿಸುವ ಹೊತ್ತಿಗೆ ನಾದಿನಿಯ ಕಣ್ಣಿನಲ್ಲಿ ಒಂದು ಹರಳು ಹೊರಳಿದಂತಾಯಿತು. ಆಮೇಲೆ ಹಿಡಿ ಮರಳು. ರೆಪ್ಪೆ ಬಿಡಲು ಹೋದರೆ ಚಾದರದ ಸಂದಿನ ಬೆಳಕೇ ಸೂಜಿಯಾಗಿ ಚುಚ್ಚಿತು. ತಡವರಿಸಿ ಅತ್ತಿಗೆಯ ಸೆರಗು ಹಿಡಿದಳು.

"ಅತ್ತಿಗೆ, ನನಗೂ ಆಗ್ತಿದೆ. ನಾನೂ ಕುರುಡಿಯಾಗ್ತೀನಾ?"

"ಇಲ್ಲ ಕಣೇ," ಎಂದರು ಅತ್ತಿಗೆ. ಸದಾ ಗಟ್ಟಿಯಾಗಿರುತ್ತಿದ್ದ ದನಿ ನಡುಗಿತು. "ಇಬ್ಬರಿಗೂ ವಾಸಿಯಾಗುತ್ತೆ. ಡಾಕ್ಟ್ರ ಹತ್ರ ಈಗ ಮತ್ತೆ ಮಾತಾಡಿದೀನಿ, ಎರಡು ದಿನ ಅಂದ್ರು. ನಿನ್ನನ್ನ ಅಲ್ಲಿ ಬಿಟ್ಟು ಹೋದೆನಲ್ಲ, ನನಗೇ ಬುದ್ಧಿ ಇರಲಿಲ್ಲ."

ಮಂಚದ ಕಡೆಯಿಂದ ಸಸಿಯಕ್ಕ ಬಿಕ್ಕಿದ ಸದ್ದು ಬಂತು. ಆಮೇಲಿನದನ್ನೆಲ್ಲ ನಾದಿನಿ ಕಣ್ಣುಮುಚ್ಚಿಕೊಂಡೇ ಕೇಳಿದಳು.

"ನನ್ನ ನಾದಿನಿ ಔಷಧಿ ಮುಟ್ಟಿಲ್ಲ," ಅತ್ತಿಗೆ ಶುರುಮಾಡಿದರು. "ಅಲ್ಲಿ ಏನೂ ತಿಂದಿಲ್ಲ, ಕುಡಿದಿಲ್ಲ. ದೀಪದ ಕೆಳಗೆ ಕೂತಿದ್ದಳು, ಅಷ್ಟೇ. ಅಲ್ಲೇ ಓಡಾಡಿದ ನನಗೆ ಏನೂ ಆಗಿಲ್ಲ, ನನ್ನ ಕಣ್ಣ ಮೇಲೆ ಕನ್ನಡಕ ಇತ್ತು. ಸಸಿಯಕ್ಕನ ಹಿಂಗೈ ಸುಟ್ಟಿದೆ, ಅಂಗೈ ಸುಟ್ಟಿಲ್ಲ. ವಿಷವಾಗಿದ್ರೆ ಮೊದಲು ಅಂಗೈಗೆ ತಾಗಬೇಕಿತ್ತಲ್ವಾ? ಇದು ಮೇಲಿನಿಂದ ಬಿದ್ದದ್ದು. ಡಾಕ್ಟ್ರು ವೆಲ್ಡಿಂಗ್ ಅಂದಾಗ ನೀವೆಲ್ಲ ತಳ್ಳಿಹಾಕಿದ್ರಿ. ವೆಲ್ಡಿಂಗ್ ಬೆಳಕು ಕಣ್ಣು ಸುಡೋದು ಹೀಗೇ."

"ಆದ್ರೆ ಅಮ್ಮಾ, ಆ ದೀಪ ಇಷ್ಟು ದಿನ ಏನೂ ಮಾಡಿರಲಿಲ್ಲ," ಎಂದ ಎಲೆಕ್ಟ್ರಿಷಿಯನ್.

"ಅಂಥ ಬಲ್ಬಿನೊಳಗೆ ಇನ್ನೊಂದು ಚಿಕ್ಕ ಕೊಳವೆ ಇರುತ್ತೆ, ನಿನಗೆ ಗೊತ್ತಲ್ಲ. ಕೆಟ್ಟ ಕಿರಣಗಳನ್ನ ತಡೆಯೋದು ಹೊರಗಿನ ಗಾಜು."

"ಹೊರಗಿನದು ಒಡೆದ್ರೂ ಒಳಗಿನದು ಉರೀತಾನೇ ಇರುತ್ತೆ," ಎಂದ ಎಲೆಕ್ಟ್ರಿಷಿಯನ್ ಮೆಲ್ಲಗೆ. "ಅದಕ್ಕೇ ದೀಪದ ಬಾಯಿಗೆ ದುಂಡು ಗಾಜು ಹಾಕಿ ಕ್ಲಿಪ್ ಬಿಗಿದಿದ್ದೆ. ತೆಗೀಬೇಡಿ ಅಂತ ಇವಳಿಗೂ ಮಾವನಿಗೂ ಹೇಳೇ ಹೋಗಿದ್ದೆ."

"ಆ ದುಂಡು ಗಾಜು ಈಗ ನೀರಿನ ಡ್ರಮ್ಮಿನ ಮುಚ್ಚಳ. ಅದನ್ನ ತೆಗೆದ ಮೇಲೆ ಯಾರೋ ಸಸಿಗೆ ನೀರು ಸಿಂಪಡಿಸಿದಾರೆ. ಗಾಜಿದ್ದಿದ್ರೆ ದೀಪದ ಒಳಗೆ ನೀರಿನ ಕಲೆ ಆಗ್ತಿರಲಿಲ್ಲ. ಕಾದ ಬಲ್ಬಿಗೆ ತಣ್ಣೀರು ತಾಗಿ ಹೊರಗಾಜು ಒಡೆದಿದೆ, ನೆಲದಲ್ಲಿ ಸಿಕ್ಕ ಚೂರು ಅದರದೇ. ಅವರು ಅಲ್ಲೇ ನಿಂತು ಚೂರು ಗುಡಿಸಿದಾರೆ. ಒಂದು ಮಾತ್ರ ನನಗೆ ಉಳಿದಿತ್ತು. ಅಷ್ಟು ಹೊತ್ತು ಕೆಳಗೆ ನಿಂತವರ ಕಣ್ಣೂ ಸುಡಬೇಕಿತ್ತು. ಮೌನಿಗೆ ಕನ್ನಡಕ ಇಲ್ಲ, ಕಣ್ಣು ಚೆನ್ನಾಗಿದೆ. ಅಂದ್ರೆ ಅವನಲ್ಲ. ಕನ್ನಡಕದವರ ಕಣ್ಣು ಉಳಿಯುತ್ತೆ, ಆದ್ರೆ ತಲೆ, ತೋಳು ಉಳಿಯಲ್ಲ." ಅತ್ತಿಗೆಯ ದನಿ ಮೆತ್ತಗಾಯಿತು. "ಕಂಡಕ್ಟರೇ, ಟೋಪಿ ತೆಗೀರಿ."

ಬಟ್ಟೆಯ ಸರಸರ ಕೇಳಿತು. ಎಲೆಕ್ಟ್ರಿಷಿಯನ್ "ಅಯ್ಯೋ ಮಾವ!" ಎಂದ. ಬೋಳುತಲೆ ಕೆಂಪಗೆ ಸುಟ್ಟು ಬೊಬ್ಬೆಯೆದ್ದಿತ್ತೆಂದು ಆಮೇಲೆ ಅತ್ತಿಗೆ ನಾದಿನಿಗೆ ಹೇಳಿದರು.

"ಸಸಿ ಸಣಕಲಾಗಿದ್ವು," ಎಂದರು ಕಂಡಕ್ಟರ್. ಆ ದೊಡ್ಡ ಗಂಟಲು ಈಗ ಪಕ್ಕದವರಿಗೂ ಕೇಳಿಸುವಂತಿರಲಿಲ್ಲ. "ಗಾಜು ಬೆಳಕು ನುಂಗುತ್ತೆ ಅಂದ್ಕೊಂಡೆ. ಮಗಳಿಗೆ ಒಂದಿಷ್ಟು ಸಹಾಯ ಆಗ್ಲಿ ಅಂತ. ನಿನ್ನೆ ಇವಳು ಬರೋ ಮೊದಲು ನೀರು ಹೊಡೆದೆ, ಬಲ್ಬ್ ಟಪ್ಪಂತು. ಆದ್ರೂ ಉರೀತಾನೇ ಇತ್ತು. ಉರೀತಿದೆಯಲ್ಲ, ಏನೂ ಆಗಿಲ್ಲ ಅಂತ ಗುಡಿಸಿಬಿಟ್ಟೆ. ಅಳಿಯ ಬೈದಾನು ಅಂತ ಹೇಳ್ಲಿಲ್ಲ. ಬೆಳಗ್ಗೆ ನನ್ನ ತಲೆ ಉರಿದಾಗ ಅನುಮಾನ ಬಂತು. ಆದ್ರೆ ಅಷ್ಟರಲ್ಲಿ ಇವನ ಹೆಸರು ಹೇಳಿಬಿಟ್ಟಿದ್ದೆ."

"ಇವರು ಆ ಕೋಣೆಗೆ ಹೋದಾಗ್ಲಾದ್ರೂ ಹೇಳಬಾರದಿತ್ತೇ ಅಪ್ಪಾ?" ಎಂದಳು ಸಸಿಯಕ್ಕ.

"ವಿಷದ ಗಾಳಿ ಅಂದೆನಲ್ಲಮ್ಮ, ಬೇಗ ಹೊರಗೆ ಬರ್ಲಿ ಅಂತಲೇ ಅಂದೆ. ನಿಜ ಹೇಳೋಕೆ ನಾಲಿಗೆ ಹೊರಳಲಿಲ್ಲ." ಮುದುಕರು ಗೊಳೋ ಎಂದು ಅತ್ತರು. ನಾದಿನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯಲಿಲ್ಲ.

ಬಾಗಿಲ ಬಳಿ ಚೀಲ ಎತ್ತಿಕೊಂಡ ಸದ್ದಾಯಿತು. ಮೌನಿ ಹೊರಟಿದ್ದ. ತಪ್ಪಿಲ್ಲವೆಂದು ಗೊತ್ತಾದ ಮೇಲೂ, ಒಂದು ಹಗಲೆಲ್ಲ ಅಣ್ಣನೂ ತನ್ನನ್ನು ನಂಬದ ಮನೆಯಲ್ಲಿ ಹೇಗೆ ಇರುವುದೆಂದು ಅವನಿಗೆ ಅನ್ನಿಸಿರಬೇಕು. ಎಲೆಕ್ಟ್ರಿಷಿಯನ್ "ಲೋ..." ಎಂದ.

"ಎಲ್ಲಿಗೆ ಹೊರಟೆ?" ಎಂದಳು ಸಸಿಯಕ್ಕ ಮಂಚದಿಂದಲೇ. "ಔಷಧಿ ಹಾಕೋ ಹೊತ್ತಾಯ್ತು. ನಿಮ್ಮಣ್ಣನ ಕೈ ನಡುಗುತ್ತೆ. ನೀನೇ ಹಾಕು ಬಾ."

ಚೀಲ ನೆಲಕ್ಕಿಳಿದದ್ದು ನಾದಿನಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಜ್ಜೆಗಳು ಮಂಚದ ಕಡೆಗೆ ನಡೆದವು. ಬಾಟಲಿಯ ಮುಚ್ಚಳ ತಿರುಗಿತು. "ತಲೆ ಸ್ವಲ್ಪ ಹಿಂದಕ್ಕೆ ಹಾಕಿ ಅತ್ತಿಗೆ," ಎಂದ ಮೌನಿ.

ನಾದಿನಿ ಕತ್ತಲಲ್ಲೇ ಗೋಡೆ ಹಿಡಿದುಕೊಂಡು, ಅವನ ದನಿ ಬಂದ ಕಡೆಗೆ ಮುಖ ಎತ್ತಿ ನಿಂತಳು.

"ಅವಳದಾದ ಮೇಲೆ ನನಗೂ ಹಾಕಪ್ಪ," ಎಂದಳು.