ಹಳದಿ ಚೌಕ

ಆ ಕ್ಯಾಮೆರಾದ ಮೇಲೆ ನಾನು ಬರೆದ ಮೊದಲ ದೂರು ಇದು: ಮೆನುವಿನಲ್ಲಿ ಯಾವ ಪ್ರಶ್ನೆ ಬಂದರೂ ಅದು ಮೊದಲು ‘ನೋ’ ಮೇಲೆಯೇ ನಿಂತಿರುತ್ತದೆ. ‘ಎಸ್’ ಬೇಕೆಂದರೆ ಪ್ರತಿ ಸಲವೂ ಪಕ್ಕದ ಗುಂಡಿ ಒತ್ತಿ ಸರಿಸಬೇಕು.

“ಮುನಿಸಿಕೊಂಡ ಬೀಗರಂಗ ಐತ್ರಿ ಇದು,” ಎಂದ ಸುಂಕೇಶ. “ಏನ್ ಕೇಳಿದ್ರೂ ಮೊದ್ಲು ಬ್ಯಾಡ ಅಂತೈತಿ.”

ನಗಬಾರದೆಂದು ನಾನು ತುಟಿ ಕಚ್ಚಿಕೊಂಡೆ. ಕಚ್ಚಿಕೊಂಡದ್ದನ್ನು ಅವನು ನೋಡಿದ. ನೋಡಿ, ಮೆನುವಿನ ಕಡೆ ಕಣ್ಣು ತಿರುಗಿಸಿದ. ಅಷ್ಟಕ್ಕೇ ನನಗೆ ಮಧ್ಯಾಹ್ನದ ಊಟ ರುಚಿಸಲಿಲ್ಲ.

ನಾಗಭೂಷಣ ಸಾರ್ ಸ್ಟುಡಿಯೊ ಇರುವುದು ಆದೋನಿಯ ಜಿನ್ನಿಂಗ್ ಮಿಲ್‌ಗಳ ಬೀದಿಯಲ್ಲಿ. ಸುಂಕೇಶ ಫೋಟೋ ತೆಗೆಯುತ್ತಾನೆ, ನಾನು ಕಂಪ್ಯೂಟರ್ ಮುಂದೆ ಕೂತು ಮದುವೆ ಆಲ್ಬಂ ಮಾಡುತ್ತೇನೆ. ಹೊಸ ಕ್ಯಾಮೆರಾವನ್ನು ಕರ್ನೂಲಿನ ಡೀಲರ್ ಹದಿನೈದು ದಿನಕ್ಕೆಂದು ಕೊಟ್ಟಿದ್ದ. ಹಿಡಿಸಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ವಾಪಸ್.

“ಮೆನು ಅವನು ನೋಡ್ಲಿ, ಡಬ್ಬಿ ಜೊತಿ ಬಂದ ಸಾಫ್ಟ್‌ವೇರ್ ನೀನು ನೋಡಮ್ಮಾ ಹೇಮಾ,” ಎಂದಿದ್ದರು ಸಾರ್. “ಒಳ್ಳೇದೇನು, ಕೆಟ್ಟದ್ದೇನು, ಒಂದು ಪೇಪರ್ ಮ್ಯಾಲ ಬರ್ದು ಕೊಡು. ಸರೇನಾ?”

ಆ ಮೆನುವಿನಲ್ಲಿ ಇಪ್ಪತ್ತೇಳು ಭಾಷೆಗಳಿದ್ದವು. ಪೋಲಿಷ್ ಇತ್ತು, ಕನ್ನಡ ಇರಲಿಲ್ಲ, ತೆಲುಗೂ ಇರಲಿಲ್ಲ. ಪುಕ್ಕಟೆ ಸಾಫ್ಟ್‌ವೇರ್ ಅಂತೂ ಒಂದು ಫೋಟೋ ತೆರೆಯುವಷ್ಟರಲ್ಲಿ ಟೀ ತಣ್ಣಗಾಗುತ್ತಿತ್ತು. ಅದರ ಮೂಲೆಯಲ್ಲಿ ಒಂದು ಬಟನ್. ಒತ್ತಿದರೆ, ತೆಗೆದವನು ಎಲ್ಲಿಗೆ ಫೋಕಸ್ ಮಾಡಿದ್ದನೋ ಅಲ್ಲಿ ಕೆಂಪು ಚೌಕ ಬೀಳುತ್ತಿತ್ತು. ‘ಇದು ಯಾರಿಗೆ ಬೇಕು?’ ಎಂದು ಬರೆದೆ. ಅದು ಎರಡನೆಯ ದೂರು.

ನನ್ನ ಇಪ್ಪತ್ತಾರು ವರ್ಷದಲ್ಲಿ ಅಂಥ ಸುಖದ ದಿನಗಳು ಬಂದಿರಲಿಲ್ಲ. ಬಂದದ್ದಾದರೂ ಎಂಥ ಹೊತ್ತಿನಲ್ಲಿ. ಪತ್ತಿಕೊಂಡದ ಸಂಬಂಧ ಅಷ್ಟರಲ್ಲೇ ಗಟ್ಟಿಯಾಗಿತ್ತು. ಹುಡುಗನಿಗೆ ಹತ್ತಿ ವ್ಯಾಪಾರ, ನಮ್ಮಂತೆಯೇ ಲಿಂಗ ಕಟ್ಟುವ ಮನೆ. ಮಂಡಿಯಲ್ಲಿ ಗುಮಾಸ್ತನಾಗಿ ಬೆನ್ನು ಬಾಗಿದ ಅಪ್ಪ ತಿಂಗಳಿಂದ ನೆಟ್ಟಗೆ ನಡೆಯುತ್ತಿದ್ದರು. ಸುಂಕೇಶನದು ಕೋಸಗಿ ಕಡೆಯ ಕುರಿ ಕಾಯುವ ಮನೆ. ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ, ಒಂದು ಕ್ಯಾಮೆರಾ ಬಿಟ್ಟರೆ.

ಒಂದು ದಿನ ಅವನಿಗೆ ಮೆನುವಿನ ಮೂರನೆಯ ಪುಟದಲ್ಲಿ ‘ಫೇಸ್ ರಿಜಿಸ್ಟ್ರೇಷನ್’ ಸಿಕ್ಕಿತು.

“ಆರು ಮಂದಿ ಮುಖ ನೆನಪು ಇಟ್ಕೊಳ್ತೈತಂತ್ರಿ. ಮೊದ್ಲು ಯಾರನ್ನ ಇಡ್ಲಿ?”

“ಸಾರ್‌ನ್ನ ಇಡ್ರಿ. ಅವರ ದುಡ್ಡು.”

“ಸಾರ್ ಊಟಕ್ಕ ಹೋಗ್ಯಾರ.” ಕ್ಯಾಮೆರಾ ನನ್ನ ಕಡೆ ತಿರುಗಿತು. “ಅಲುಗ್ಯಾಡಬ್ಯಾಡ್ರಿ. ಕೂದಲದಾಗ ಅರಳಿ ಐತಿ.”

ಮಿಲ್ಲಿನಿಂದ ಹಾರಿಬರುವ ಹತ್ತಿ ಎಳೆ ನಮ್ಮ ಬೀದಿಯಲ್ಲಿ ಎಲ್ಲರ ತಲೆಯ ಮೇಲೂ ಇರುತ್ತದೆ. ತೆಗೆಯಲು ಕೈ ಎತ್ತಿದೆ.

“ಇರ್ಲಿ ಬಿಡ್ರಿ,” ಎಂದ ಮೆಲ್ಲಗೆ. “ಹಂಗಽ ಚಂದ ಐತಿ.”

ಬೇರೆಯವರ ಮುಖಕ್ಕೆ ಪರದೆಯ ಮೇಲೆ ಬಿಳಿ ಚೌಕ ಬರುತ್ತಿತ್ತು. ನನ್ನ ಮುಖಕ್ಕೆ ಹಳದಿ ಚೌಕ ಬಂತು, ಕೆಳಗೆ ಹೇಮಾ ಎಂದು ಇಂಗ್ಲಿಷ್ ಅಕ್ಷರ.

“ಇನ್ಮ್ಯಾಲ ನೂರು ಮಂದ್ಯಾಗ ನಿಂತ್ರೂ ನಿಮ್ಮನ್ನ ಹುಡುಕ್ತೈತಿ.”

“ಹುಡುಕಿ ಏನ್ ಮಾಡ್ತೈತಿ?”

ಅವನು ಉತ್ತರಕ್ಕಾಗಿ ಗುಂಡಿಗಳನ್ನು ಒತ್ತುತ್ತಾ ಕೂತ. “ಮುಂದಿಂದು ಮೆನುದಾಗ ಇಲ್ರಿ,” ಎಂದ ಕೊನೆಗೆ.

ಹನ್ನೆರಡನೆಯ ದಿನ ಮದ್ದಿಕೇರದಲ್ಲಿ ಮದುವೆ. ಹೊಸ ಕ್ಯಾಮೆರಾಕ್ಕೆ ಅದೇ ಪರೀಕ್ಷೆ. ಹೆಣ್ಣಿನ ಕೋಣೆಯಲ್ಲಿ ಲೈಟು ಹಿಡಿಯಲು, ಜಡೆ ಸೆರಗು ಸರಿಮಾಡಲು ನಾನೂ ಹೋಗಿದ್ದೆ. ಮರುದಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದರೆ, ಹನ್ನೊಂದರಲ್ಲಿ ಮದುಮಗಳು ಮಸುಕು. ಹಿಂದೆ ನಿಂತ ನಾನು ಮಾತ್ರ ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟ.

ನಾಗಭೂಷಣ ಸಾರ್ ಒಂದೊಂದಾಗಿ ಹನ್ನೊಂದನ್ನೂ ನೋಡಿದರು. ಆಮೇಲೆ ಸುಂಕೇಶನ ಕಡೆ ತಿರುಗಿದರು.

“ಟೆಸ್ಟಿಂಗ್‌ಗಂತ ಮೇಡಂ ಮುಖ ಇಟ್ಟಿದ್ದೆ ಸಾರ್. ತೆಗೆಯೋದು ಮರೆತೆ,” ಎಂದ ಅವನು, ಗೋಡೆ ನೋಡುತ್ತಾ. “ಕ್ಯಾಮೆರಾ ತಾನಽ ಅವ್ರನ್ನ ಹಿಡಿದೈತಿ. ಆಫ್ ಮಾಡಿದ್ರೂ ಆಫ್ ಆಗಲ್ಲ ಅದು. ಅದರಾಗಽ ಏನೋ ಫಾಲ್ಟ್ ಐತಿ.”

“ಹೇಮಾ, ಸಾಫ್ಟ್‌ವೇರ್‌ನಾಗ ಹಾಕಿ ನೋಡಿ ಬರಿ. ಕ್ಯಾಮೆರಾ ತಪ್ಪಂದ್ರ ಕ್ಯಾಮೆರಾ ವಾಪಸ್. ಇವನ ತಪ್ಪಂದ್ರ ಇವನು ವಾಪಸ್.” ಸಾರ್ ಚಪ್ಪಲಿ ಮೆಟ್ಟಿದರು. “ನಾನು ಹೆಣ್ಣಿನ ಅಪ್ಪನ ಕಾಲು ಹಿಡ್ಯಾಕ ಹೊಂಟೀನಿ. ಸಾಯಂತ್ರ ಬರ್ತೀನಿ.”

ಸುಂಕೇಶ ಹೊರಗೆ ಮೆಟ್ಟಿಲ ಮೇಲೆ ಕೂತ. ನಾನು ಮೊದಲ ಫೋಟೋ ತೆರೆದೆ. ನಿಧಾನವಾಗಿ ತೆರೆಯಿತು. ಯಾರಿಗೆ ಬೇಕು ಎಂದು ಬರೆದಿದ್ದ ಆ ಬಟನ್ ಒತ್ತಿದೆ.

ಕೆಂಪು ಚೌಕ ನನ್ನ ಮುಖದ ಮೇಲೆ ಬಿತ್ತು. ಅದರಲ್ಲಿ ನಾನು ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ಮದುಮಗಳ ಜಡೆಗೆ ಮಲ್ಲಿಗೆ ಸಿಗಿಸುತ್ತಿದ್ದೆ. ಎರಡನೆಯದರಲ್ಲಿ ಲೈಟು ಹಿಡಿದು ಕೈ ಸೋತು ಭುಜಕ್ಕೆ ಕೆನ್ನೆ ಆನಿಸಿದ್ದೆ. ಮೂರನೆಯದರಲ್ಲಿ ಆಕಳಿಸುತ್ತಿದ್ದೆ. ಆಕಳಿಸುವವಳನ್ನು ಯಾರಾದರೂ ಹೀಗೆ ತೆಗೆಯುತ್ತಾರೆಯೇ ಎಂದು ನನಗೆ ಸಿಟ್ಟು ಬಂತು, ಆಮೇಲೆ ಕಣ್ಣು ತುಂಬಿತು.

ಬಲಗಡೆ ಆ ಸಾಫ್ಟ್‌ವೇರ್ ಪ್ರತಿ ಫೋಟೋದ ಸೆಟ್ಟಿಂಗ್ ತೋರಿಸುತ್ತದೆ. ಹನ್ನೊಂದರಲ್ಲೂ ಒಂದೇ ಇತ್ತು. ಫೇಸ್: ಆಫ್. ಫೋಕಸ್: ಮ್ಯಾನ್ಯುಯಲ್. ಕ್ಯಾಮೆರಾ ನನ್ನನ್ನು ಹುಡುಕಿರಲಿಲ್ಲ. ಲೆನ್ಸನ್ನು ಒಂದು ಕೈ ತಿರುಗಿಸಿತ್ತು, ಹನ್ನೊಂದು ಸಲ.

ಹೊರಗೆ ಹೋಗಿ ಅವನ ಪಕ್ಕದಲ್ಲಿ, ಒಂದು ಮೆಟ್ಟಿಲು ಮೇಲೆ ಕೂತೆ.

“ಕ್ಯಾಮೆರಾ ತಪ್ಪಿಲ್ಲ,” ಎಂದೆ.

“ಇಲ್ರಿ. ಒಳ್ಳೆ ಕ್ಯಾಮೆರಾ.”

“ಮತ್ತ ಯಾಕ ಅದರ ಮ್ಯಾಲ ಹಾಕಿದ್ರಿ?”

“ನನ್ನ ಮ್ಯಾಲ ಹಾಕ್ಕೊಂಡ್ರ ನಿಮ್ಮ ಹೆಸರೂ ಬರ್ತಿತ್ತಲ್ರಿ.” ಅವನು ಲೆನ್ಸ್ ಒರೆಸುವ ಬಟ್ಟೆಯನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ. “ಅಲ್ಲಿ ಹೋಗಿ ಆನ್ ಮಾಡಿದ ಕೂಡ್ಲೆ ಹಳದಿ ಡಬ್ಬಿ ಬಂದು ನಿಮ್ಮ ಮ್ಯಾಲ ಕುಂತಿತು. ನನಗ ಹೊಟ್ಟಿಕಿಚ್ಚಾತು. ಮಿಷನ್ ಯಾಕ ಹುಡುಕಬೇಕು, ನಾನಽ ಹುಡುಕ್ತೀನಿ ಅಂತ ಆಫ್ ಮಾಡಿದೆ. ಆಮ್ಯಾಲ ಕೈ ಮಾತು ಕೇಳ್ಲಿಲ್ಲ.”

ಎದುರಿನ ಮಿಲ್ಲಿನ ಮುಂದೆ ಹತ್ತಿ ತುಂಬಿದ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ಅವನ ಮೇಲೆ ನನಗಿದ್ದ ಪ್ರೀತಿಯನ್ನು ನಾನು ಅದುವರೆಗೆ ಹೆಸರಿಟ್ಟು ಕರೆದಿರಲಿಲ್ಲ. ಆ ಮೆಟ್ಟಿಲ ಮೇಲೆ ಕರೆದೆ, ಮನಸ್ಸಿನಲ್ಲೇ.

“ನಿಜ ಬರೀಲೇನು?” ಎಂದೆ. “ಬರೆದ್ರ ಊರಿಗೆಲ್ಲಾ ಗೊತ್ತಾಗಿ ಸೋಮವಾರದ ನಿಶ್ಚಿತಾರ್ಥ ನಿಂತುಹೋಗ್ತೈತಿ. ಮನ್ಯಾಗ ಏನ್ ಆದ್ರೂ ನಾನು ನೋಡ್ಕೊಂತೀನಿ. ನೀನು ಬರಿ ಅಂದ್ರ ಬರೀತೀನಿ.”

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. ಅಷ್ಟರಲ್ಲೇ ನಾನು ಏನೇನೋ ಕಟ್ಟಿಕೊಂಡೆ. ಒಂದು ಚಿಕ್ಕ ಸ್ಟುಡಿಯೊ, ಎರಡು ಕುರ್ಚಿ.

“ನಮ್ಮವ್ವ ನಮ್ಮಪ್ಪ ಪ್ರತಿ ವರ್ಷ ಗುಂಟೂರಿಗೆ ಮೆಣಸಿನಕಾಯಿ ಬಿಡ್ಸಾಕ ಹೋಗ್ತಿದ್ರು,” ಎಂದ. “ರಾತ್ರೆಲ್ಲಾ ಅವ್ವನ ಕೈ ಉರೀತಿತ್ತು. ಈ ವರ್ಷ ಹೋಗಿಲ್ಲ. ನನ್ನ ಪಗಾರ ಐತಿ ಅಂತ ಕೋಸಗ್ಯಾಗಽ ಅದಾರ.” ಬಟ್ಟೆಯನ್ನು ಜೇಬಿಗೆ ಹಾಕಿಕೊಂಡ. “ಬರೀಬ್ಯಾಡ್ರಿ.”

“ಅಷ್ಟಽನಾ?”

“ನಿಮ್ಮಪ್ಪ ಮೊನ್ನೆ ಕಾರ್ಡ್ ಪ್ರಿಂಟ್ ಕೇಳಾಕ ಬಂದಿದ್ರು. ನನ್ನ ಕೈ ಹಿಡಿದು, ನೀನಽ ಫೋಟೋ ತೆಗೀಬೇಕಪ್ಪಾ ಅಂದ್ರು.” ಅವನು ತನ್ನ ಅಂಗೈ ನೋಡಿಕೊಂಡ. “ನನ್ನ ಕೈಲಿ ಆಗಲ್ಲ ಹೇಮಾ. ನಾನು ಅಷ್ಟು ಧೈರ್ಯದವನಲ್ಲ.”

ಬೈಯಬೇಕೆನಿಸಿತು. ಅವನ ಅವ್ವನ ಉರಿಯುವ ಕೈಗೆ ಏನೆಂದು ಬೈಯಲಿ? ಕ್ಯಾಮೆರಾ ತಂದು ಅವನ ತೊಡೆಯ ಮೇಲಿಟ್ಟೆ.

“ಹಂಗಾದ್ರ ವಾಪಸ್ ಕಳ್ಸೂ ಮುಂಚೆ ನನ್ನ ಮುಖ ತೆಗಿ. ಕರ್ನೂಲಿನವರ ಹತ್ರ ಇರಬಾರ್ದು.”

ಅವನು ಮೂರನೆಯ ಪುಟಕ್ಕೆ ಹೋದ. ಈ ಮುಖವನ್ನು ಅಳಿಸಬೇಕೆ ಎಂದು ಕೇಳಿತು. ಎಂದಿನಂತೆ ಅದು ‘ನೋ’ ಮೇಲೆ ನಿಂತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ಪರದೆ ತಾನಾಗಿಯೇ ಆರಿತು. ಅವನು ಮತ್ತೆ ಹಚ್ಚಿದ. ಮತ್ತೆ ಕೇಳಿತು, ಮತ್ತೆ ‘ನೋ’ ಮೇಲೆ ನಿಂತಿತು.

“ನೀವಽ ಒತ್ತ್ರಿ,” ಎಂದ.

“ಇಟ್ಟವನು ನೀನು. ನೀನಽ ಒತ್ತು.”

ಅವನು ಪಕ್ಕದ ಗುಂಡಿ ಒತ್ತಿ ‘ಎಸ್’ಗೆ ಸರಿಸಿದ. ಆಮೇಲೆ ನಡುವಿನ ಗುಂಡಿ ಒತ್ತಿದ. ಕ್ಯಾಮೆರಾ ಎತ್ತಿ ಕೊನೆಯ ಸಲ ನನ್ನ ಕಡೆ ಹಿಡಿದ. ಏನು ಕಾಣುತ್ತದೆಂದು ನಾನು ಕೇಳಲಿಲ್ಲ, ಅವನೇ ಪರದೆಯನ್ನು ನನ್ನ ಕಡೆ ತಿರುಗಿಸಿದ. ನನ್ನ ಮುಖದ ಸುತ್ತ ಬಿಳಿ ಚೌಕವಿತ್ತು.

‘ಮುಖ ಗುರುತಿಸುವುದರಲ್ಲಿ ದೋಷವಿದೆ. ಆಫ್ ಮಾಡಿದರೂ ತಾನೇ ಫೋಕಸ್ ಬದಲಿಸುತ್ತದೆ. ಇಟ್ಟುಕೊಳ್ಳುವುದು ಬೇಡ’ ಎಂದು ಬರೆದು ಸಹಿ ಹಾಕಿದೆ. ‘ಇದು ಯಾರಿಗೆ ಬೇಕು?’ ಎಂಬ ನನ್ನ ಎರಡನೆಯ ದೂರನ್ನು ಮಾತ್ರ ಹೊಡೆದುಹಾಕಿದೆ. ಸಾರ್ ಓದಿ, ನಾನು ಆಗಲೇ ಅಂದಿದ್ದೆ ಎನ್ನುವಂತೆ ತಲೆಯಾಡಿಸಿದರು.

ಸೋಮವಾರ ಸುಂಕೇಶ ಹಳೆಯ ಕ್ಯಾಮೆರಾ ಹಿಡಿದು ನಮ್ಮ ಮನೆಗೆ ಬಂದ. ಅದಕ್ಕೆ ಯಾವ ಚೌಕವೂ ಇಲ್ಲ. “ಈ ಕಡೆ ನೋಡ್ರಿ ಮೇಡಂ, ಗಲ್ಲ ಸ್ವಲ್ಪ ಮ್ಯಾಲ” ಎಂದಷ್ಟೇ ಅಂದ. ಅಪ್ಪ ಅವನಿಗೆ ಬಲವಂತ ಮಾಡಿ ಎರಡು ಹೋಳಿಗೆ ಬಡಿಸಿದರು. ಒಂದನ್ನು ತಿಂದ.

ನನ್ನ ನಿಶ್ಚಿತಾರ್ಥದ ಆಲ್ಬಂ ಮಾಡುವವಳೂ ನಾನೇ. ಇನ್ನೂರ ನಲವತ್ತು ಫೋಟೋ. ಒಂದೊಂದನ್ನೂ ದೊಡ್ಡದು ಮಾಡಿ ಮೂರು ದಿನ ನೋಡಿದೆ. ಪಕ್ಕದಲ್ಲಿ ಕೂತವನು ಮಸುಕಾಗಿ ನಾನು ಮಾತ್ರ ಸ್ಪಷ್ಟವಾಗಿರುವ ಒಂದು ಫೋಟೋ, ಒಂದೇ ಒಂದು, ಕೈ ಮಾತು ಕೇಳದೆ ತೆಗೆದದ್ದು ಎಲ್ಲಾದರೂ ಇದ್ದೀತೆಂದು ಹುಡುಕಿದೆ.

ಒಂದೂ ಇರಲಿಲ್ಲ. ಇಬ್ಬರೂ ಎಲ್ಲದರಲ್ಲೂ ಅಷ್ಟೇ ಸ್ಪಷ್ಟವಾಗಿದ್ದೆವು. “ಈ ಸಲ ಕೆಲಸ ಚಂದ ಮಾಡ್ಯಾನ,” ಎಂದರು ನಾಗಭೂಷಣ ಸಾರ್.