ಒಂದೇ ದಿನ ಹುಟ್ಟಿದವರು

"ಇವನಿಗೆ ಹೊಸ ಪ್ಯಾಂಟ್ ಬೇಡ. ಹೋದ ವರ್ಷದ್ದೇ ಸರಿಯಾಗ್ತದೆ," ಎಂದಳು ಅಮ್ಮ.

ಡೊಂಬಿವಲಿ ಸ್ಟೇಷನ್ ಹತ್ತಿರದ ಯೂನಿಫಾರ್ಮ್ ಅಂಗಡಿಯಲ್ಲಿ ಅಕ್ಷಿತ್ ಮುಖ ಸಣ್ಣದು ಮಾಡಿ ನಿಂತಿದ್ದ. ಪಕ್ಕದಲ್ಲಿ ಅನುಷ್ಕಾ ಎರಡು ಸೈಜ್ ದೊಡ್ಡ ಸ್ಕರ್ಟ್ ಹಾಕಿ ನೋಡುತ್ತಿದ್ದಳು. ಅದೂ ಗಿಡ್ಡವಾಗಿತ್ತು. ಅಂಗಡಿಯವನು ಇನ್ನೊಂದನ್ನು ತೆಗೆಯುತ್ತಾ, ಅಕ್ಕ ಎಷ್ಟನೇ ಕ್ಲಾಸು, ತಮ್ಮ ಎಷ್ಟನೇ ಕ್ಲಾಸು ಎಂದು ಹಿಂದಿಯಲ್ಲಿ ವಿಚಾರಿಸಿದ.

ಇಬ್ಬರೂ ಆರನೇ ಕ್ಲಾಸು. ಇಬ್ಬರೂ ಅವಳಿ. ಅದರಲ್ಲೂ ಮೊದಲು ಹುಟ್ಟಿದವನು ಅಕ್ಷಿತ್. ಅಮ್ಮ ಅದನ್ನೆಲ್ಲ ನಗುತ್ತಾ ಹೇಳುವಷ್ಟರಲ್ಲಿ ಅವನ ಕಿವಿ ಬಿಸಿಯಾಗಿತ್ತು.

ಹೋದ ದೀಪಾವಳಿಯವರೆಗೆ ಇಬ್ಬರೂ ಸರಿಸಮ ಇದ್ದರು. ಆಮೇಲೆ ಅನುಷ್ಕಾ ಸರಸರನೆ ಬೆಳೆದುಬಿಟ್ಟಳು. ಈಗ ಅಕ್ಷಿತ್‌ನ ತಲೆ ಅವಳ ಕಿವಿಯ ಹತ್ತಿರ ಬರುತ್ತಿತ್ತು. ಹುಡುಗಿಯರು ಬೇಗ ಬೆಳೆಯುತ್ತಾರೆ, ಹುಡುಗರು ನಿಧಾನ, ನಿನ್ನ ಅಪ್ಪನೂ ಹತ್ತನೇ ಕ್ಲಾಸಿನಲ್ಲೇ ಉದ್ದ ಆದದ್ದು ಎಂದು ಅಮ್ಮ ಸಮಾಧಾನ ಮಾಡಿದಳು. ಹತ್ತನೇ ಕ್ಲಾಸಿಗೆ ಇನ್ನೂ ಎಷ್ಟು ದೂರ! ಅಕ್ಷಿತ್ ದಿನಾ ಸಂಜೆ ಸೊಸೈಟಿ ಗಾರ್ಡನ್‌ನ ಕಂಬಿಗೆ ಜೋತುಬಿದ್ದ. ಕೈ ನೋವು ಬಂತು, ಅಷ್ಟೇ.

ಅನುಷ್ಕಾ ಮಾತ್ರ ಏನೂ ಮಾಡದೆ ಬೆಳೆಯುತ್ತಿದ್ದಳು. ಅದು ಅವನಿಗೆ ಮೋಸ ಅನ್ನಿಸುತ್ತಿತ್ತು.

ಜುಲೈಯಲ್ಲಿ ಪಿ.ಟಿ. ಸರ್ ಅವಳನ್ನು ಬಾಸ್ಕೆಟ್‌ಬಾಲ್ ಟೀಮಿಗೆ ಆರಿಸಿದರು. ಅಕ್ಷಿತ್‌ಗೆ ಮುಂದಿನ ವರ್ಷ ನೋಡೋಣ ಎಂದರು. ಅವತ್ತು ಅವಳು ಕ್ಲಾಸಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ತಲೆ ಮರೆಸಿಕೊಂಡು ಅವನು ಕೂಗಿದ, "ದಾರಿ ಬಿಡಿ, ಲಂಬೂ ಬಂದಳು."

ಉದ್ದದವಳು ಎಂಬ ಆ ಹಿಂದಿ ಅಡ್ಡಹೆಸರಿಗೆ ಕ್ಲಾಸೆಲ್ಲ ನಕ್ಕಿತು. ಅನುಷ್ಕಾಳೂ ನಕ್ಕಳು. ಅಕ್ಷಿತ್‌ಗೆ ಒಳಗೊಳಗೇ ಸಮಾಧಾನವಾಯಿತು.

ವಾರ ಕಳೆಯುವಷ್ಟರಲ್ಲಿ ಸ್ಕೂಲ್ ಬಸ್ಸಿನಲ್ಲೂ ಅದೇ ಹೆಸರು, ಕ್ಯಾಂಟೀನಿನಲ್ಲೂ ಅದೇ ಹೆಸರು. ಅವಳು ನಗುವುದನ್ನು ಬಿಟ್ಟಳು. ಭುಜ ಮುಂದೆ ಮಾಡಿ, ತಲೆ ತಗ್ಗಿಸಿ ನಡೆಯತೊಡಗಿದಳು. ಬೆನ್ನು ನೆಟ್ಟಗೆ ಮಾಡು ಎಂದು ಅಮ್ಮ ದಿನಾ ಗದರಿದಳು. ಕಡೆಗೊಂದು ದಿನ, ಬಾಸ್ಕೆಟ್‌ಬಾಲಿಗೆ ಹೋಗುವುದಿಲ್ಲ, ಬೋರ್ ಆಗುತ್ತದೆ ಎಂದು ಅಪ್ಪನಿಗೆ ಹೇಳಿಬಿಟ್ಟಳು. ಅಕ್ಷಿತ್ ತಟ್ಟೆಯಲ್ಲಿದ್ದ ನೀರ್ದೋಸೆ ಮಡಚುತ್ತಾ ಕುಳಿತ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಆ ಭಾನುವಾರ ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ. ಅಪ್ಪ ಹೋಟೆಲಿನ ಕೆಲಸಕ್ಕೆ ರಜೆ ಹಾಕಿ ಎಲ್ಲರನ್ನೂ ಫಡಕೆ ರೋಡಿನ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅಪ್ಪ ಅಮ್ಮ ಕುರ್ಚಿಯಲ್ಲಿ ಕುಳಿತರು. ಮಕ್ಕಳಿಬ್ಬರೂ ಹಿಂದೆ ಅಕ್ಕಪಕ್ಕ ನಿಂತರು.

ಅಕ್ಷಿತ್ ಯಾರಿಗೂ ಕಾಣದ ಹಾಗೆ ತುದಿಗಾಲಲ್ಲಿ ನಿಂತ. ಎದುರಿನ ಕನ್ನಡಿಯಲ್ಲಿ ನೋಡಿದರೆ ಆಶ್ಚರ್ಯ, ಇಬ್ಬರ ತಲೆಯೂ ಒಂದೇ ಮಟ್ಟಕ್ಕೆ ಇತ್ತು. ಬರೀ ತುದಿಗಾಲಿಗೆ ಅಷ್ಟು ಉದ್ದ ಆಗುವುದುಂಟೇ? ಅವನು ಪಕ್ಕಕ್ಕೆ ನೋಡಿದ. ಅನುಷ್ಕಾಳ ಉದ್ದಲಂಗದ ನೆರಿಗೆ ನಡುಗುತ್ತಿತ್ತು. ಅವಳು ಒಳಗೆ ಮೊಣಕಾಲು ಮಡಚಿ ನಿಂತಿದ್ದಳು.

"ಎಂತಕ್ಕೆ ಬಗ್ಗಿದ್ದೀ?" ಅವನು ಪಿಸುಗುಟ್ಟಿದ.

"ನೇರ ನಿಂತ್ರೆ ನಿಂಗೆ ಸಿಟ್ಟು ಬರ್ತದಲ್ಲ," ಅವಳು ಕ್ಯಾಮೆರಾವನ್ನೇ ನೋಡುತ್ತಾ ಹೇಳಿದಳು.

ಫೋಟೋ ತೆಗೆಯುವವನು ಅಪ್ಪನ ಕಾಲರ್ ಸರಿಮಾಡುತ್ತಿದ್ದ. ಅಕ್ಷಿತ್ ಇನ್ನಷ್ಟು ಮೆಲ್ಲಗೆ ಹೇಳಿದ, "ಲಂಬೂ ಅಂತ ಮೊದಲು ಕರೆದದ್ದು..."

"ಗೊತ್ತುಂಟು. ನಿನ್ನ ಸ್ವರ ನಂಗೆ ಗೊತ್ತಾಗೋದಿಲ್ವಾ?"

ಗೊತ್ತಿದ್ದೂ ಅವಳು ಅಮ್ಮನಿಗೆ ಒಂದು ಮಾತೂ ಹೇಳಿರಲಿಲ್ಲ. ಅಕ್ಷಿತ್‌ಗೆ ಕಾಲಿನ ಬೆರಳುಗಳು ನೋಯುತ್ತಿದ್ದವು. ಅವಳ ಮೊಣಕಾಲು ಇನ್ನೆಷ್ಟು ನೋಯುತ್ತಿರಬಹುದು ಅನ್ನಿಸಿತು. ಅವನು ಮೆಲ್ಲಗೆ ಹಿಮ್ಮಡಿಯನ್ನು ನೆಲಕ್ಕೆ ಊರಿದ.

"ನೇರ ನಿಲ್ಲು, ಅನು," ಎಂದ. "ನಂಗೆ ಸಿಟ್ಟಿಲ್ಲ."

ಅವಳು ಅವನ ಮುಖ ನೋಡಿದಳು. ಆಮೇಲೆ ಮೊಣಕಾಲು ಬಿಡಿಸಿ, ಭುಜ ಹಿಂದೆ ಮಾಡಿ, ಪೂರ್ತಿ ಎದ್ದು ನಿಂತಳು.

ಫೋಟೋ ತೆಗೆಯುವವನು ಕ್ಯಾಮೆರಾದ ಹಿಂದಿನಿಂದ ಇಣುಕಿ, ಸ್ಟ್ಯಾಂಡನ್ನು ಸ್ವಲ್ಪ ಮೇಲೆತ್ತಿದ.