ಅಮೋನೈಟಿನ ರುಚಿ

ಪಿಸ್ತೂಲಿನ ತುದಿ ನನ್ನ ಕಿವಿಯೊಳಗಿತ್ತು!

ಹಿಡಿದಿದ್ದವರು ರೌಡಿಯಲ್ಲ ಸ್ವಾಮಿ... ಮ್ಯೂಸಿಯಂ ಡೈರೆಕ್ಟರ್. ಎರಡು ಡಾಕ್ಟರೇಟ್, ಒಂದು ಹೊಟ್ಟೆ.

"ನೀನು ಬ್ರೋಕರ್ ಅಲ್ಲ ಕಣೋ. ಆ ಕಲ್ಲು ಉಜ್ಜೋಳ ತಮ್ಮ!"

ನಿಜ. ಅಕ್ಕ ಅದೇ ಮ್ಯೂಸಿಯಮ್ಮಿನಲ್ಲಿ ಪಳೆಯುಳಿಕೆಗಳ ಮಣ್ಣು ಬಿಡಿಸುವವಳು. ಅಲ್ಲಿನ ಅಪರೂಪದ ಅಮೋನೈಟ್ ಮಾಯವಾಗಿತ್ತು. ಆಕ್ಟೋಪಸ್ಸಿನ ಪುರಾತನ ದಾಯಾದಿ ಅದು; ಟಗರಿನ ಕೊಂಬಿನಂತೆ ಸುತ್ತಿಕೊಂಡ, ಕಲ್ಲಾದ ಚಿಪ್ಪು. ಕದ್ದವರು ಡೈರೆಕ್ಟರ್.

ಲಾಕಪ್ಪಿನಲ್ಲಿದ್ದವಳು ಅಕ್ಕ!

ಕದ್ದ ಮಾಲು ಕೊಳ್ಳುವ ಬ್ರೋಕರನ ವೇಷದಲ್ಲಿ ಡೈರೆಕ್ಟರ್ ಮನೆ ಹೊಕ್ಕಿದ್ದೆ. ಕಲ್ಲನ್ನು ಕರ್ಚೀಫಿನಿಂದ ಒರೆಸಿಯೂ ಆಗಿತ್ತು. ಕರ್ಚೀಫಿನಲ್ಲಿ ಇನ್‌ಸ್ಪೆಕ್ಟರ್ ಮೇಡಂ ಕೊಟ್ಟ ಪೌಡರ್... ಒದ್ದೆ ತಗಲಿ ಒಂದು ನಿಮಿಷವಾದರೆ ಕಡುನೇರಳೆ! "ಕಲ್ಲು ಸಿಕ್ಕರೆ ಸಾಲದು. 'ಇವನೇ ತಂದ' ಅಂದುಬಿಟ್ರೆ? ಅವರು ಮುಟ್ಟಿದ್ದು ಕಾಣಬೇಕು," ಅಂದಿದ್ದರು ಮೇಡಂ. ಬೆವರುಗೈ ತಗಲಲೆಂದು ಕಾದೆ.

ಪುಣ್ಯಾತ್ಮರು ಗ್ಲೌಸ್ ತೊಟ್ಟಿದ್ದರು!

ಉಳಿದದ್ದು ನನ್ನ ಬಾಯಿ ಮಾತ್ರ.

"ಹೊಡೀರಿ ಸಾರ್. ಆದ್ರೆ ಈ ಪ್ಲಾಸ್ಟರ್ ಬಸವನಹುಳಕ್ಕೋಸ್ಕರ ಸಾಯೋದೇ ನಾಚಿಕೆ."

"ಪ್ಲಾಸ್ಟರಾ?!"

"ನಕಲಿ ಕದ್ದಿದ್ದೀರಿ. ಪಾಪ... ಡಾಕ್ಟರೇಟ್ ಎರಡನ್ನೂ ಬಾಡಿಗೆಗೆ ತಂದಿದ್ರಾ?"

ಮುಖ ಕೆಂಡವಾಯಿತು. ಪಿಸ್ತೂಲು ಕೆಳಗಿಳಿಯಿತು.

"ನೋಡೋ ಮುಠ್ಠಾಳ!"

ಕಲ್ಲನ್ನೆತ್ತಿದವರೇ ಉದ್ದಕ್ಕೂ ನೆಕ್ಕಿದರು!

ಪಳೆಯುಳಿಕೆಯವರ ಚಾಳಿಯೇ ಅದು. ಒದ್ದೆಯಾದರೆ ಕಲ್ಲಿನ ಗೆರೆ ಎದ್ದು ಕಾಣುತ್ತದೆ. ಅಕ್ಕನೂ ನೆಕ್ಕುತ್ತಾಳೆ, ಅವಳ ಅಡುಗೆ ಕೆಡಲು ಅದೇ ಕಾರಣವೆಂದು ಭಾವನ ವಾದ.

"ಈ ಗೆರೆ ನೋಡು! ಒಂದೊಂದೂ ಒಂದೊಂದು ಕೋಣೆಯ ಗೋಡೆ. ಬಸವನಹುಳಕ್ಕೆಲ್ಲಿಂದ ಬರ್ಬೇಕು ಕೋಣೆ?"

"ಹೌದಲ್ವಾ!" ಎಂದು ಕಣ್ಣರಳಿಸಿ, ಮೇಜನ್ನು ಅವರ ಹೊಟ್ಟೆಗೆ ಒದ್ದೆ.

ಪಿಸ್ತೂಲು ಹಾರಿತು. ಕಿಟಕಿ ಗಾಜು ಒಡೆಯಿತು. ಸದ್ದಿಗೇ ಕಾದಿದ್ದಂತೆ ಬಾಗಿಲೊದ್ದು ಬಂದರು ಮೇಡಂ.

ಡೈರೆಕ್ಟರ್ ಸ್ವರಕ್ಕೆ ತಟ್ಟನೆ ಬೆಣ್ಣೆ ಹತ್ತಿತು. "ಸರಿಯಾದ ಟೈಮಿಗೆ ಬಂದ್ರಿ ಮೇಡಂ! ಅಕ್ಕ ಕದ್ದದ್ದನ್ನ ಮಾರೋಕೆ ಬಂದಿದ್ದಾನೆ. ನಾನಂತೂ ಮುಟ್ಟೇ ಇಲ್ಲ!"

"ಮುಟ್ಟೇ ಇಲ್ವಾ?" ಮೇಡಂ ಕಣ್ಣು ಅವರ ಬಾಯಿಯ ಮೇಲೆ. "ಸ್ವಲ್ಪ 'ಆ' ಅನ್ನಿ."

"ಆ...?"

ನೇರಳೆ! ನಾಲಿಗೆ, ಹಲ್ಲು, ತುಟಿ... ಕಲ್ಲಿನ ಮೇಲೂ ನಾಲಿಗೆಯಗಲದ ಪಟ್ಟಿ!

ಪೊಲೀಸ್ ಜೀಪಿನಲ್ಲಿ ಡೈರೆಕ್ಟರ್ ಠಾಣೆಗೆ, ಅದೇ ಜೀಪಿನಲ್ಲಿ ಅಕ್ಕ ಮನೆಗೆ. ಹತ್ತುವಾಗಲೂ ಡೈರೆಕ್ಟರ್ ಕೂಗುತ್ತಿದ್ದರು: "ನಾನ್ಯಾರು ಗೊತ್ತಾ? ಸೆಫಲೋಪಾಡ್ ತಜ್ಞ! ಆಕ್ಟೋಪಸ್, ಸ್ಕ್ವಿಡ್‌ಗಳ ಇಡೀ ಕುಲ ಅರೆದು ಕುಡಿದವನು!"

ತಜ್ಞರೇ ಇರಬಹುದು... ಶಾಯಿಯನ್ನು ಉಗುಳಿ ಪಾರಾಗಬೇಕೇ ಹೊರತು ನೆಕ್ಕಿ ಸಿಕ್ಕಿಬೀಳಬಾರದು ಅನ್ನುವುದು ಮರಿ ಸ್ಕ್ವಿಡ್ಡಿಗೂ ಗೊತ್ತು!